ಓದುಗರ ಪ್ರಶ್ನೆ: ಸುಳಿವು ಇದ್ದೂ ದಾಳಿ ಯಾಕೆ ತಿಳಿಯಲಿಲ್ಲ?

ಪ್ರಶ್ನೆ: ಉಜನಿ ಜಲಾಶಯದಿಂದ ನೀರು ಬಿಟ್ಟರೆ ಭೀಮಾ ದಂಡೆಯ ನಮ್ಮೂರಿಗೆ ಮೊದಲೇ ಎಚ್ಚರಿಕೆ ಬರುತ್ತದೆ. ಉಪಗ್ರಹ, ಫೋನ್ ಕದ್ದಾಲಿಕೆ ಎಲ್ಲ ಇರುವ ದೇಶಗಳಿಗೆ ದಾಳಿಯ ಸುಳಿವು ಯಾಕೆ ಸಿಗುವುದಿಲ್ಲ?
– ಓದುಗರೊಬ್ಬರು, ಅಫಜಲಪುರ, ಕಲಬುರಗಿ ಜಿಲ್ಲೆ

ಉತ್ತರ: ಸುಳಿವು ಬಹುತೇಕ ಸಿಕ್ಕಿರುತ್ತದೆ. ಅದನ್ನು ಓದುವವರು ಮೊದಲೇ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ, ತೊಡಕು ಅಲ್ಲಿದೆ.

1973ರ ಅಕ್ಟೋಬರಿನಲ್ಲಿ ಈಜಿಪ್ಟ್, ಸಿರಿಯಾ ಒಟ್ಟಿಗೆ ಮೇಲೆರಗಿದ ಇಸ್ರೇಲನ್ನೇ ನೋಡಿ. ದೂರ ಹಾರುವ ಬಾಂಬರ್ ವಿಮಾನ, ಸ್ಕಡ್ ಕ್ಷಿಪಣಿ ಕೈಗೆ ಬರದೆ ಈಜಿಪ್ಟ್ ಯುದ್ಧಕ್ಕಿಳಿಯದು, ಈಜಿಪ್ಟ್ ಇಲ್ಲದೆ ಸಿರಿಯಾ ಬರದು ಎಂದು ಅಲ್ಲಿನ ಸೇನಾ ಗುಪ್ತಚರ ವಿಭಾಗ ನಂಬಿತ್ತು. ಇದು ಗಾಳಿಮಾತಲ್ಲ, ಈಜಿಪ್ಟಿನ ಒಳಗಿನಿಂದಲೇ ಬಂದ ಮಾಹಿತಿ. ಆದರೆ 1972ರ ಕೊನೆಗೆ ಈಜಿಪ್ಟ್ ಅಧ್ಯಕ್ಷ ಸಾದಾತ್ ಮನಸ್ಸು ಬದಲಿಸಿದ್ದರು: ವಿಮಾನನಿರೋಧಕ ಕ್ಷಿಪಣಿಗಳ ರಕ್ಷಣೆಯಲ್ಲಿ ಸೂಯೆಜ್ ಕಾಲುವೆ ದಾಟಿ ಒಂದಿಷ್ಟು ನೆಲ ಹಿಡಿದರೆ ಸಾಕು. ಇಸ್ರೇಲ್ ಮಾತ್ರ ಹಳೆಯ ನಂಬಿಕೆಗೇ ಅಂಟಿಕೊಂಡಿತ್ತು. ಹಾಗಾಗಿ ಕಾಲುವೆ ದಂಡೆಗೆ ಸೇತುವೆ ಸಾಮಗ್ರಿ ಬಂದಾಗ ಅದು ಸಮರಾಭ್ಯಾಸವೆಂದೇ ಕಂಡಿತು. ಇಸ್ರೇಲಿನ ಕಿರಿಯ ಗುಪ್ತಚರ ಅಧಿಕಾರಿ ಸಿಮಾನ್-ಟೋವ್, ಅಭ್ಯಾಸ ಬರೀ ಮುಸುಕು ಎಂದು ಅಕ್ಟೋಬರ್ 1 ಮತ್ತು 3ರಂದು ಬರೆದ ವರದಿಗಳನ್ನು ಮೇಲಧಿಕಾರಿಯೇ ತಡೆದಿಟ್ಟರು. 6ರ ಸಂಜೆ ದಾಳಿ ಎಂಬ ಖಚಿತ ಸುದ್ದಿ ಹಿಂದಿನ ರಾತ್ರಿ ಬಂತು. ದಾಳಿ ಮಧ್ಯಾಹ್ನ 2ಕ್ಕೇ ಶುರುವಾಯಿತು!

ಕಾರ್ಗಿಲ್‌ನಲ್ಲಿ ಕಾಗದ ಹೋದ ದಾರಿಯೇ ತಪ್ಪಿತ್ತು. ಗಡಿಯಾಚೆಯ ಚಟುವಟಿಕೆ ಕುರಿತು 1998ರ ಜೂನ್‌ನಲ್ಲಿ ದೇಶದೊಳಗಿನ ಗುಪ್ತಚರ ಸಂಸ್ಥೆ ಐಬಿ ಬರೆದ ಪತ್ರ ಪ್ರಧಾನಿಯವರಿಗೆ, ಗೃಹ ಸಚಿವರಿಗೆ ಮುಟ್ಟಿತು. ಉಳಿದ ಸುಳಿವುಗಳ ಜೊತೆ ಇಟ್ಟು ತೂಗಬೇಕಿದ್ದ, ವಿದೇಶಿ ಗುಪ್ತಚರ ನೋಡಿಕೊಳ್ಳುವ ‘ರಾ’ ಸಂಸ್ಥೆಯ ಮುಖ್ಯಸ್ಥರಿಗೂ ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷರಿಗೂ ಅದನ್ನು ಕಳಿಸಿರಲಿಲ್ಲ ಎಂದು ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಿಶೀಲನಾ ಸಮಿತಿ ದಾಖಲಿಸಿದೆ. 1999ರ ಮೇ ತಿಂಗಳಲ್ಲಿ ನುಸುಳುಕೋರರ ಸುದ್ದಿ ತಂದವರು ಕುರಿಗಾಹಿಗಳು.

ಇನ್ನು ಭೀಮಾ ಹೊಳೆಯ ಮಾತು. ನಿಮ್ಮ ತಯಾರಿ ನೋಡಿ ಹೊಳೆ ದಿನ ಮುಂದೂಡುವುದಿಲ್ಲ, ಶತ್ರು ಮುಂದೂಡಬಲ್ಲ. 1973ರ ಮೇನಲ್ಲೇ ಇಸ್ರೇಲ್ ಸಜ್ಜಾಗಿತ್ತು. ದುಡ್ಡು ಖರ್ಚಾಯಿತು, ಯುದ್ಧ ಬರಲಿಲ್ಲ. ಯುದ್ಧದ ಸಂಭವ ಕಡಿಮೆ ಎಂದಿದ್ದ ಗುಪ್ತಚರ ಮುಖ್ಯಸ್ಥ ಎಲಿ ಝೈರಾ ಅವರ ಮಾತಿಗೆ ಅಲ್ಲಿಂದ ತೂಕ ಹೆಚ್ಚಿತು. ಅಕ್ಟೋಬರಿನಲ್ಲಿ ಅದೇ ಮುಳುವಾಯಿತು.

ಪ್ರಶ್ನೆ: ಹಾಗಾದರೆ ವಿಶ್ಲೇಷಕರು ಏನು ಮಾಡಬೇಕು?
– ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಶತ್ರುವಿನ ತಾಕತ್ತು ಒಂದು ಹಾಳೆಯಲ್ಲಿ, ಇರಾದೆ ಇನ್ನೊಂದರಲ್ಲಿ ಬರೆಯಬೇಕು. ಬೆರೆಸಿದರೆ ‘ಅವರಿಗೆ ಮನಸ್ಸಿಲ್ಲ’ ಎಂಬ ಊಹೆ ಕಣ್ಣೆದುರಿನ ಟ್ಯಾಂಕುಗಳನ್ನೂ ಮರೆಸುತ್ತದೆ. ಆಮೇಲೆ ಅಭ್ಯಾಸಕ್ಕೆ ಬೇಡದ, ಯುದ್ಧಕ್ಕೆ ಬೇಕಾಗುವ ಗುರುತುಗಳ ಪಟ್ಟಿ: ಫಿರಂಗಿ ಪಕ್ಕ ನಿಜವಾದ ಮದ್ದುಗುಂಡು, ರಕ್ತದ ದಾಸ್ತಾನು, ರದ್ದಾದ ರಜೆ, ವಿದೇಶಿ ಸಲಹೆಗಾರರ ಕುಟುಂಬಗಳ ನಿರ್ಗಮನ. ಈ ಕೊನೆಯದು 1973ರಲ್ಲಿ ಕಣ್ಣಿಗೆ ಬಿದ್ದಿತ್ತು. ಪ್ರತಿ ಗುರುತಿಗೂ ದಿನಾಂಕ ಹಾಕಬೇಕು, ಇಲ್ಲವಾದರೆ ಅವು ಒಂದರ ಹಿಂದೊಂದು ಬರುತ್ತಿರುವುದು ತಿಳಿಯದು.

ಆ ಯುದ್ಧದ ನಂತರ ಇಸ್ರೇಲ್, ಒಪ್ಪಿತ ತೀರ್ಮಾನಕ್ಕೆ ಎದುರು ವಾದಿಸಲೆಂದೇ ಒಂದು ವಿಭಾಗ ಕಟ್ಟಿತು. ಒಳ್ಳೆಯ ಏರ್ಪಾಡೇ, ಆದರೆ ಅದು ಪ್ರಶ್ನಿಸಬಹುದೇ ಹೊರತು ಸೈನ್ಯ ಕದಲಿಸಲಾಗದು. 2023ರ ಅಕ್ಟೋಬರ್ 7ಕ್ಕೆ ಒಂದು ವರ್ಷಕ್ಕೂ ಮುಂಚೆ ಗಾಜಾದ ಸಶಸ್ತ್ರ ಸಂಘಟನೆ ಹಮಾಸ್‌ನ ದಾಳಿ ಯೋಜನೆಯ ಪ್ರತಿ ಇಸ್ರೇಲಿನ ಕೈ ಸೇರಿತ್ತು. ಅಷ್ಟು ದೊಡ್ಡ ದಾಳಿ ಹಮಾಸ್‌ಗೆ ಮೀರಿದ್ದೆಂದು ಅದನ್ನೂ ಬದಿಗಿಟ್ಟರು.