500 ವ್ಯಾಟ್ ಅಂತ ಬರೆದ ಎರಡು ಎಸ್‌ಎಂಪಿಎಸ್‌ಗಳ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಬೆಲೆಯಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಯಾವುದು ಒಳ್ಳೆಯದು?

ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಿ ತಗೋಬೇಡಿ. ಎಸ್‌ಎಂಪಿಎಸ್‌ಗೆ ಅಂಟಿಸಿರುವ ಲೇಬಲ್‌ನಲ್ಲಿ 12 ವೋಲ್ಟ್ ಎಷ್ಟು ಆಂಪಿಯರ್ ಕೊಡುತ್ತದೆ ಎಂದು ನೋಡಿ. ಬೆಲೆಯ ವ್ಯತ್ಯಾಸ ಬಹಳಷ್ಟು ಅಲ್ಲೇ ಗೊತ್ತಾಗುತ್ತದೆ.

ಈಗಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚಿನ ಕರೆಂಟ್ ಎಳೆಯುವುದು 12 ವೋಲ್ಟ್ ಲೈನಿನಿಂದ. ಆ ಆಂಪಿಯರನ್ನು 12ರಿಂದ ಗುಣಿಸಿ. 40 ಆಂಪಿಯರ್ ಇದ್ದರೆ 480 ವ್ಯಾಟ್. 500ರ ಯೂನಿಟ್‌ಗೆ ಅದು ಸರಿಯಾದ ಲೆಕ್ಕ. ಬರೀ 18 ಇದ್ದರೆ 216 ವ್ಯಾಟ್ ಅಷ್ಟೇ! ಮಿಕ್ಕಿದ್ದು 3.3 ಮತ್ತು 5 ವೋಲ್ಟ್ ಲೈನುಗಳದ್ದು, ಇಲ್ಲವೇ ಸುಮ್ನೆ ಅಚ್ಚು ಹಾಕಿದ್ದು. ಲೇಬಲ್‌ನಲ್ಲಿ ಎರಡು 12 ವೋಲ್ಟ್ ಲೈನುಗಳಿದ್ದರೆ ಅವುಗಳ ಆಂಪಿಯರ್ ಕೂಡಿಸಬೇಡಿ, ಎರಡಕ್ಕೂ ಸೇರಿ ಕೊಟ್ಟಿರುವ ಒಟ್ಟು ವ್ಯಾಟ್ ನೋಡಿ.

80 ಪ್ಲಸ್ ಬ್ರಾಂಜ್, ಗೋಲ್ಡ್ ಗುರುತುಗಳು ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಎಂಬುದನ್ನು ಮಾತ್ರ ಹೇಳುತ್ತವೆ. ಸುರಕ್ಷತೆ ಬೇರೆ ವಿಷಯ, ನನ್ನ ಪ್ರಕಾರ ಅದೇ ಜಾಸ್ತಿ ಮುಖ್ಯ. ವೋಲ್ಟೇಜ್ ಏರಿದರೆ, ಲೋಡ್ ಮಿತಿ ಮೀರಿದರೆ, ಶಾರ್ಟ್ ಆದರೆ ಒಳ್ಳೆಯ ಎಸ್‌ಎಂಪಿಎಸ್ ತಾನೇ ಆಫ್ ಆಗುತ್ತದೆ. ವಿವರಗಳಲ್ಲಿ ಓವಿಪಿ, ಓಪಿಪಿ, ಎಸ್‌ಸಿಪಿ ಎಂದಿರುವುದು ಇವೇ. ಇವಿಲ್ಲದ ಅಗ್ಗದ್ದು ಕೆಟ್ಟರೆ ಮದರ್‌ಬೋರ್ಡನ್ನೂ ಸುಡಬಹುದು. ಆಗ ಉಳಿಸಿದ ದುಡ್ಡಿಗಿಂತ ಖರ್ಚೇ ಜಾಸ್ತಿ, ಅಲ್ವಾ?

ಎಷ್ಟು ವ್ಯಾಟ್ ಬೇಕು ಎಂಬುದಕ್ಕೆ ಗ್ರಾಫಿಕ್ಸ್ ಕಾರ್ಡ್ ಕಂಪನಿ ಸೂಚಿಸಿದ ಅಂಕಿ ಸಾಕು. ವಾರಂಟಿ 5 ವರ್ಷವಾದರೂ ಇರಲಿ. ಕೇಬಲ್ ಬಿಚ್ಚಿ ಹಾಕುವ ಮಾದರಿಯಾದರೆ ಹಳೆಯದರ ಕೇಬಲ್‌ಗಳನ್ನು ಹೊಸದಕ್ಕೆ ಸಿಕ್ಕಿಸಬೇಡಿ. ಪ್ಲಗ್ ಕೂತರೂ ಒಳಗಿನ ಪಿನ್‌ಗಳ ಜೋಡಣೆ ಬೇರೆ ಇರಬಹುದು.