ಕರುಳಿನ ಕ್ಯಾನ್ಸರ್ ಚಿಕಿತ್ಸೆಯ ನಂತರ ನಡಿಗೆ, ಊಟದಿಂದ ನಿಜಕ್ಕೂ ವ್ಯತ್ಯಾಸ ಆಗುತ್ತದೆಯೇ?

ಆಗುತ್ತದೆ. ವ್ಯಾಯಾಮಕ್ಕಂತೂ ಈಗ ಗಟ್ಟಿ ಪುರಾವೆ ಇದೆ. 2025ರಲ್ಲಿ ಪ್ರಕಟವಾದ ‘ಚಾಲೆಂಜ್’ ಅಧ್ಯಯನದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋ ಎರಡನ್ನೂ ಮುಗಿಸಿದ್ದ 889 ಮಂದಿ ಇದ್ದರು. ಮೂರು ವರ್ಷ ತರಬೇತುದಾರರ ನಿಗಾದಲ್ಲಿ ವ್ಯಾಯಾಮ ಮಾಡಿದ ಗುಂಪಿನಲ್ಲಿ ಎಂಟು ವರ್ಷದ ಬದುಕುಳಿಯುವಿಕೆ 90.3%, ಆರೋಗ್ಯ ಮಾಹಿತಿಯ ಪುಸ್ತಿಕೆ ಮಾತ್ರ ಪಡೆದವರಲ್ಲಿ 83.2%. ಒಂದು ಔಷಧಿ ಇಷ್ಟು ಫಲ ಕೊಟ್ಟಿದ್ದರೆ ಎಲ್ಲ ವೈದ್ಯರೂ ಬರೆದುಕೊಡುತ್ತಿದ್ದರು!

ಪ್ರಮಾಣ ಎಷ್ಟು? ಈಗಿನ ಓಡಾಟದ ಜೊತೆಗೆ ವಾರಕ್ಕೆ ಮೂರು-ನಾಲ್ಕು ದಿನ, 45–60 ನಿಮಿಷ ಬಿರುಸು ನಡಿಗೆ: ಮಾತಾಡಬಹುದು, ಹಾಡಲಾಗದು ಎನ್ನುವಷ್ಟು ವೇಗ. ಹತ್ತು ನಿಮಿಷದಿಂದ ಶುರುಮಾಡಿ ವಾರವಾರ ಏರಿಸಿ. ಅವಸರಪಟ್ಟರೆ ಮಂಡಿ, ಸ್ನಾಯು ನೋವು ಬಂದು ಅಭ್ಯಾಸವೇ ನಿಂತುಹೋಗುತ್ತದೆ. ಕೀಮೋ ಔಷಧಿಯಾದ ಆಕ್ಸಾಲಿಪ್ಲಾಟಿನ್‌ನಿಂದ ಪಾದ ಜೋಮು ಹಿಡಿದಿದ್ದರೆ ಎಡವಿ ಬೀಳುವ ಭಯವಿದೆ; ನಿಂತಲ್ಲೇ ತುಳಿಯುವ ಸೈಕಲ್ ಒಳ್ಳೆಯದು.

ಆಹಾರದ ಪುರಾವೆ ಇಷ್ಟು ಬಲವಾಗಿಲ್ಲ, ಹೆಚ್ಚಿನದು ಜನ ಏನು ತಿಂದರು, ಮುಂದೇನಾಯಿತು ಎಂದು ಗಮನಿಸಿದ ಅಧ್ಯಯನಗಳಿಂದ ಬಂದದ್ದು. ಕೆಂಪು ಹಾಗೂ ಸಂಸ್ಕರಿತ ಮಾಂಸ, ಮೈದಾ, ಸಿಹಿ ಹೆಚ್ಚು ತಿಂದವರಲ್ಲಿ ರೋಗ ಮರುಕಳಿಸುವುದು ಹೆಚ್ಚು ಕಂಡಿದೆ. ರಾಗಿ, ಕಾಳು, ಸೊಪ್ಪು, ಒಂದು ಹಿಡಿ ಬಾದಾಮಿ ಸಾಕು. ದುಬಾರಿ ಪುಡಿಗಳು ಬೇಡ. ಆದರೆ ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ, ಅದರಲ್ಲೂ ಹೊಟ್ಟೆಯ ಮೇಲೆ ಮಲ ಸಂಗ್ರಹಿಸುವ ಸ್ಟೋಮಾ ಚೀಲ ಇದ್ದಾಗ, ನಾರು ಜಾಸ್ತಿಯಾದರೆ ಕರುಳು ಕಟ್ಟಿಕೊಳ್ಳಬಹುದು. ಆಗ ಮೆತ್ತಗಿನ ಅನ್ನ, ಮೊಸರು ತಿಂದು, ಸೊಪ್ಪು-ಕಾಳನ್ನು ವೈದ್ಯರು ಹೇಳಿದ ಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಿ. ಕೀಮೋ ನಡೆಯುವಾಗ ಉಪವಾಸ, ತೂಕ ಇಳಿಸುವ ಪಥ್ಯ ಖಂಡಿತ ಬೇಡ.