ಬೆಳಗಿನ ಉಪಾಹಾರಕ್ಕೆ ಕುಕೀ: ಮೊಟ್ಟೆ, ಬೆಣ್ಣೆ, ಗೋಧಿಯ ಹಂಗಿಲ್ಲದೆ

ಮೊಟ್ಟೆ, ಹಾಲು, ಬೆಣ್ಣೆ ಹಾಗೂ ಗೋಧಿಯನ್ನು ಬಳಸದೆ, ಬೆಳಗಿನ ಹೊಟ್ಟೆಗೆ ಆಧಾರವಾಗುವಂಥ ಕುಕೀಗಳನ್ನು ಮನೆಯಲ್ಲೇ ಬೇಯಿಸುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಆರನ್ನು ಈ ಸಲ ಆಯ್ದುಕೊಳ್ಳಲಾಗಿದೆ. ಹೆಚ್ಚಿನ ಪತ್ರಗಳಲ್ಲಿ ಒಂದೇ ತೊಡಕು ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಂಡಿದ್ದರಿಂದ ಮೊದಲನೆಯ ಉತ್ತರ ತುಸು ದೀರ್ಘವಾಗಿದೆ.

ಪ್ರಶ್ನೆ: ಮೈದಾ ಕುಕೀಯ ಹಳೆಯ ಅಳತೆಯನ್ನೇ ಇಟ್ಟುಕೊಂಡು, ಮೈದಾ ಬದಲಿಗೆ ಅಷ್ಟೇ ಕಪ್ ಅಕ್ಕಿ ಹಿಟ್ಟು ಹಾಕಿದೆ, ಮೊಟ್ಟೆಯನ್ನು ಬಿಟ್ಟೇಬಿಟ್ಟೆ. ಓವನ್‌ನಿಂದ ತೆಗೆದು ಎತ್ತಲು ಹೋದರೆ ಕುಕೀಗಳು ಪುಡಿಪುಡಿಯಾಗಿ ಉದುರಿದವು. ಉಳಿದ ನಾಲ್ಕಾರು ಮರುದಿನ ಹಲ್ಲಿಗೆ ಬಗ್ಗದಷ್ಟು ಗಟ್ಟಿಯಾಗಿದ್ದವು. ಎಲ್ಲಿ ಎಡವಿದೆ?

ಉತ್ತರ: ಮೈದಾವನ್ನೂ ಮೊಟ್ಟೆಯನ್ನೂ ಒಮ್ಮೆಗೇ ತೆಗೆದಾಗ, ಕುಕೀಯನ್ನು ಹಿಡಿದಿಡುತ್ತಿದ್ದ ಎರಡು ಕಟ್ಟುಗಳೂ ಒಟ್ಟಿಗೇ ಕಳಚಿಹೋಗುತ್ತವೆ. ಗೋಧಿಯಲ್ಲಿರುವ ಗ್ಲಿಯಾಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳು ನೀರು ಸೋಕಿದೊಡನೆ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಜಾಲವಾಗುತ್ತವೆ. ಮೊಟ್ಟೆಯ ಪ್ರೋಟೀನಾದರೋ ಓವನ್ನಿನ ಬಿಸಿಗೆ ಗಟ್ಟಿಗೊಂಡು ಎಲ್ಲವನ್ನೂ ಬಿಗಿಹಿಡಿಯುತ್ತದೆ, ಜೊತೆಗೆ ತೇವವನ್ನೂ ಕೊಡುತ್ತದೆ. ಅಕ್ಕಿ ಹಿಟ್ಟಿನಿಂದ ಈ ಎರಡು ಕೆಲಸಗಳಲ್ಲಿ ಒಂದೂ ಆಗದು. ಸಾಲದ್ದಕ್ಕೆ ಅದು ನೀರನ್ನು ನಿಧಾನವಾಗಿ ಹೀರುವ ಹಿಟ್ಟು. ಕಲಸಿದ ಕೂಡಲೇ ಓವನ್ನಿಗೆ ಇಟ್ಟರೆ ಕಣಗಳು ಒಳಗೆ ಒಣಗಿಯೇ ಉಳಿದು ಬಾಯಿಗೆ ತರಿತರಿಯಾಗಿ ಸಿಗುತ್ತವೆ. ಕಪ್ಪಿನ ಅಳತೆಯೂ ನಿಮಗೆ ಮೋಸ ಮಾಡಿದೆ. ಒಂದು ಕಪ್ ಮೈದಾ ಸುಮಾರು 125 ಗ್ರಾಂ ತೂಗಿದರೆ, ಅದೇ ಕಪ್ಪಿನಲ್ಲಿ ಅಕ್ಕಿ ಹಿಟ್ಟು 150 ಗ್ರಾಂ ದಾಟುತ್ತದೆ. ಅಂದರೆ ನೀವು ಒಂದೆಡೆ ತೇವವನ್ನು ಕಡಿಮೆ ಮಾಡಿ, ಇನ್ನೊಂದೆಡೆ ಒಣ ಹಿಟ್ಟನ್ನು ಹೆಚ್ಚು ಮಾಡಿದಿರಿ. ಮರುದಿನದ ಗಟ್ಟಿತನಕ್ಕೆ ಬೆಂದ ಪಿಷ್ಟ ತಣಿದ ಮೇಲೆ ಮತ್ತೆ ಬಿಗಿಗೊಳ್ಳುವುದೂ ಒಂದು ಕಾರಣ.

ಆದ್ದರಿಂದ ಹಳೆಯ ಅಳತೆಯಿಂದ ಒಂದೊಂದನ್ನೇ ಕಿತ್ತುಹಾಕುವುದಕ್ಕಿಂತ, ತೆಗೆದ ಪ್ರತಿಯೊಂದು ವಸ್ತುವಿನ ಕೆಲಸವನ್ನು ಇನ್ನಾವುದಕ್ಕೆ ಒಪ್ಪಿಸಬೇಕೆಂದು ಮೊದಲೇ ಯೋಚಿಸಿ ಹೊಸದಾಗಿ ಕಟ್ಟುವುದು ಸುಲಭ. ಮೊಟ್ಟೆಯ ಅಂಟಿಗೆ ಅಗಸೆ ಬೀಜ ಒಳ್ಳೆಯ ಬದಲಿ. ನುಣ್ಣಗೆ ಪುಡಿ ಮಾಡಿದ ಅಗಸೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 7 ಗ್ರಾಂ, ಅದಕ್ಕೆ ಮೂರು ದೊಡ್ಡ ಚಮಚ ನೀರು ಬೆರೆಸಿ ಹದಿನೈದು ನಿಮಿಷ ಬಿಡಿ. ಚಮಚವನ್ನು ಎತ್ತಿದರೆ ತೊಟ್ಟಿಕ್ಕದೆ ಲೋಳೆಯ ಎಳೆಯಾಗಿ ಇಳಿಯಬೇಕು; ಆ ಹದ ಬರುವ ಮೊದಲೇ ಸುರಿದರೆ ನೀರು ಹಾಕಿದಂತಾಗುತ್ತದೆಯೇ ಹೊರತು ಅಂಟು ಹಾಕಿದಂತಾಗುವುದಿಲ್ಲ. ಇಡೀ ಬೀಜವನ್ನೇ ಹಾಕಿದರೆ ಅಂಟು ಸಾಕಷ್ಟು ಬಿಡುವುದಿಲ್ಲವೆಂಬುದು ನೆನಪಿರಲಿ. ಅಗಸೆ ಇಲ್ಲದಿದ್ದರೆ ಚಿಯಾ ಬೀಜವನ್ನೂ ಇದೇ ಅಳತೆಯಲ್ಲಿ ಬಳಸಬಹುದು. ಇನ್ನು ಬೆಣ್ಣೆಯ ಜಾಗಕ್ಕೆ ಬಾದಾಮಿ ಅಥವಾ ಕಡಲೆಕಾಯಿಯನ್ನು ನುಣ್ಣಗೆ ಅರೆದ ಬೆಣ್ಣೆಯೂ, ಸಕ್ಕರೆ ಹಾಗೂ ತೇವದ ಜಾಗಕ್ಕೆ ಕಳಿತ ಬಾಳೆಹಣ್ಣು ಮತ್ತು ಖರ್ಜೂರವೂ, ಹಿಟ್ಟಿನ ಜಾಗಕ್ಕೆ ಓಟ್ಸ್ ಮತ್ತು ಬಾದಾಮಿ ಪುಡಿಯೂ ಒದಗುತ್ತವೆ.

ನನ್ನ ಅಳತೆ ಹೀಗಿದೆ: ಗ್ಲುಟೆನ್‌ರಹಿತವೆಂದು ಪ್ರಮಾಣೀಕರಿಸಿದ ಓಟ್ಸ್ 150 ಗ್ರಾಂ, ಬಾದಾಮಿ ಪುಡಿ 60 ಗ್ರಾಂ, ಸಿಪ್ಪೆ ಸುಲಿದ ಬಾಳೆಹಣ್ಣು 200 ಗ್ರಾಂ, ಬೀಜ ತೆಗೆದ ಮೆತ್ತನೆಯ ಖರ್ಜೂರ 80 ಗ್ರಾಂ, ಸಕ್ಕರೆ ಬೆರೆಸದ ಕಡಲೆಕಾಯಿ ಬೆಣ್ಣೆ 80 ಗ್ರಾಂ, ಕುಂಬಳ ಬೀಜ 40 ಗ್ರಾಂ, ಮೇಲೆ ಹೇಳಿದ ಅಗಸೆಯ ಲೋಳೆ, ಒಂದು ಚಿಕ್ಕ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಇಷ್ಟವಿದ್ದರೆ ಚಕ್ಕೆ ಪುಡಿ. ಓಟ್ಸ್‌ನ ಮೂರನೆಯ ಒಂದು ಭಾಗವನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿಕೊಳ್ಳಿ. ಉಳಿದದ್ದು ಹಾಗೆಯೇ ಇದ್ದರೆ ಅಗಿಯಲು ಸೊಗಸು. ಬಾಳೆಹಣ್ಣು, ಖರ್ಜೂರ, ಕಡಲೆಕಾಯಿ ಬೆಣ್ಣೆಯನ್ನು ಒಟ್ಟಿಗೆ ಅರೆದು, ಲೋಳೆ ಸೇರಿಸಿ, ಒಣ ಪದಾರ್ಥಗಳೊಂದಿಗೆ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಮೊದಲು ಕೈಗೆ ಅಂಟುತ್ತಿದ್ದ ಮಿಶ್ರಣ ಈ ಅವಧಿಯಲ್ಲಿ ಓಟ್ಸ್ ನೀರು ಕುಡಿದು, ಉಂಡೆ ಕಟ್ಟುವ ಹದಕ್ಕೆ ಬರುತ್ತದೆ. ಈ ಅರ್ಧ ಗಂಟೆಯನ್ನು ಉಳಿಸಲು ಹೋಗಬೇಡಿ; ಗ್ಲುಟೆನ್ ಇಲ್ಲದ ಹಿಟ್ಟಿನ ಬಹುಪಾಲು ದೂರುಗಳಿಗೆ ಅದೇ ಮದ್ದು.

ಹನ್ನೆರಡು ಉಂಡೆ ಮಾಡಿ, ಬಟರ್ ಪೇಪರ್ ಹಾಸಿದ ಟ್ರೇ ಮೇಲಿಟ್ಟು, ಒದ್ದೆ ಬೆರಳಿನಿಂದ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ. ಕರಗಿ ಹರಡುವ ಬೆಣ್ಣೆಯಾಗಲಿ ಸಕ್ಕರೆಯಾಗಲಿ ಇದರಲ್ಲಿ ಇಲ್ಲದ ಕಾರಣ ನೀವು ತಟ್ಟಿದ ಆಕಾರವೇ ಕೊನೆಯವರೆಗೂ ಉಳಿಯುತ್ತದೆ. ಮೊದಲೇ ಕಾಯಿಸಿದ ಓವನ್ನಿನಲ್ಲಿ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 16ರಿಂದ 18 ನಿಮಿಷ ಬೇಯಿಸಿ, ಅಂಚು ಹೊಂಬಣ್ಣಕ್ಕೆ ತಿರುಗಿದೊಡನೆ ಹೊರತೆಗೆಯಿರಿ. ಕಂದು ಬಣ್ಣ ಗಾಢವಾಗುವವರೆಗೆ ಬಿಡುವುದು ರುಚಿಗೂ ಸಲ್ಲದು, ಆರೋಗ್ಯಕ್ಕೂ ಸಲ್ಲದು. ಪಿಷ್ಟವುಳ್ಳ ಪದಾರ್ಥಗಳು 120 ಡಿಗ್ರಿಗಿಂತ ಹೆಚ್ಚಿನ ಒಣ ಬಿಸಿಯಲ್ಲಿ ಹೆಚ್ಚು ಕೆಂಪಾದಷ್ಟೂ ಅಕ್ರಿಲಮೈಡ್ ಎಂಬ ಅನಪೇಕ್ಷಿತ ರಾಸಾಯನಿಕ ಹೆಚ್ಚಾಗುತ್ತದೆ. ಹೊರತೆಗೆದ ಮೇಲೆ ಹತ್ತು ನಿಮಿಷ ಟ್ರೇಯನ್ನು ಮುಟ್ಟದಿರಿ. ಬಿಸಿಯಿರುವಾಗ ಇವು ಮೆತ್ತಗಿದ್ದು, ತಣಿಯುತ್ತಾ ಗಟ್ಟಿಗೊಳ್ಳುತ್ತವೆ. ನಿಮ್ಮ ಕುಕೀಗಳಲ್ಲಿ ಕೆಲವು ಕೇವಲ ಆತುರದಿಂದ ಮುರಿದಿರಲೂ ಸಾಕು.

ಪ್ರಶ್ನೆ: ಬಿಳಿ ಸಕ್ಕರೆಯ ಬದಲು ತೆಂಗಿನ ಸಕ್ಕರೆ, ಬೆಣ್ಣೆಯ ಬದಲು ತೆಂಗಿನೆಣ್ಣೆ ಬಳಸುತ್ತೇನೆ. ವೀಗನ್ (ಪ್ರಾಣಿಮೂಲದ ಏನೂ ಇಲ್ಲದ್ದು) ಕೂಡ ಹೌದು, ಗ್ಲುಟೆನ್ ಕೂಡ ಇಲ್ಲ. ಹಾಗಾದರೆ ದಿನವೂ ಬೆಳಿಗ್ಗೆ ತಿನ್ನಬಹುದಲ್ಲವೇ?

ಉತ್ತರ: ವೀಗನ್, ಗ್ಲುಟೆನ್‌ರಹಿತ ಎಂಬೆರಡು ಹಣೆಪಟ್ಟಿಗಳೂ ತಿನಿಸಿನಲ್ಲಿ ಏನಿಲ್ಲ ಎಂಬುದನ್ನು ಹೇಳುತ್ತವೆಯೇ ವಿನಾ ಏನಿದೆ ಎಂಬುದನ್ನಲ್ಲ. ಬಿಳಿ ಅಕ್ಕಿ ಹಿಟ್ಟು, ಪಿಷ್ಟ, ಸಕ್ಕರೆ ಹಾಗೂ ಎಣ್ಣೆಯಿಂದ ಮಾಡಿದ ಕುಕೀಗೆ ಎರಡೂ ಹಣೆಪಟ್ಟಿ ಅಂಟಿಸಬಹುದು. ಆದರೆ ಅದು ಉಪಾಹಾರವಲ್ಲ, ಸಿಹಿತಿಂಡಿ. ತೆಂಗಿನ ಸಕ್ಕರೆಯೂ ಸಕ್ಕರೆಯೇ. ಹೆಸರು ಬದಲಾದ ಮಾತ್ರಕ್ಕೆ ದೇಹದ ಲೆಕ್ಕ ಬದಲಾಗದು. ಹೊರಗಿನಿಂದ ಸೇರಿಸಿದ ಸಕ್ಕರೆ, ಪಾಕ, ಹಣ್ಣಿನ ರಸದಲ್ಲಿನ ಸಕ್ಕರೆ ಎಲ್ಲವೂ ಸೇರಿ ದಿನದ ಒಟ್ಟು ಶಕ್ತಿಯ ಶೇ 10ನ್ನು ಮೀರಬಾರದು, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಇದು ಕ್ರಮವಾಗಿ ಸುಮಾರು 50 ಮತ್ತು 25 ಗ್ರಾಂ ಆಗುತ್ತದೆ. ತೆಂಗಿನೆಣ್ಣೆಯಲ್ಲಿ ಶೇ 80ಕ್ಕೂ ಹೆಚ್ಚು ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬಿದ್ದು, ಬೆಣ್ಣೆಯಲ್ಲಿ ಅದು ಶೇ 50ರ ಆಸುಪಾಸು. ಈ ಒಂದು ವಿಷಯದಲ್ಲಿ ಬದಲಿಯೇ ಮೂಲಕ್ಕಿಂತ ಭಾರವಾಯಿತು. ಅಪರೂಪಕ್ಕೆ ಬಳಸಿದರೆ ಆತಂಕಪಡಬೇಕಾಗಿಲ್ಲ, ಆದರೆ ದಿನನಿತ್ಯದ ಕುಕೀಗೆ ಬೀಜಗಳನ್ನು ಅರೆದ ಬೆಣ್ಣೆಯೇ ಲೇಸು.

ಮೊದಲ ಉತ್ತರದಲ್ಲಿ ಕೊಟ್ಟ ಅಳತೆಯ ಎರಡು ಕುಕೀಗಳಲ್ಲಿ ಅಂದಾಜು 350 ಕ್ಯಾಲೊರಿ, 11 ಗ್ರಾಂ ಪ್ರೋಟೀನ್, 7 ಗ್ರಾಂ ನಾರು ಇರುತ್ತವೆ. ಸಿಹಿಯೆಲ್ಲವೂ ಇಡೀ ಹಣ್ಣಿನದು. ಓಟ್ಸ್‌ನ ಬೀಟಾ ಗ್ಲುಕನ್ ಎಂಬ ಕರಗುವ ನಾರು ದಿನಕ್ಕೆ 3 ಗ್ರಾಂನಷ್ಟು ಸಿಕ್ಕರೆ ಕೊಲೆಸ್ಟ್ರಾಲ್ ತಗ್ಗಿಸಲು ನೆರವಾಗುತ್ತದೆಂಬುದು ಸಿದ್ಧಪಟ್ಟ ಸಂಗತಿ. ಎರಡು ಕುಕೀಗಳಿಂದ ಅದರಲ್ಲಿ ಸುಮಾರು ಮೂರನೆಯ ಒಂದು ಪಾಲಷ್ಟೇ ದೊರೆಯುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಜೊತೆಗೆ ಒಂದು ಹಣ್ಣು ತಿಂದರೆ ಉಪಾಹಾರ ತುಂಬಿಬರುತ್ತದೆ. ಸಂಪೂರ್ಣ ವೀಗನ್ ಆಹಾರದಲ್ಲಿರುವವರು ವಿಟಮಿನ್ ಬಿ12ಕ್ಕಾಗಿ ಬೇರೆ ದಾರಿಯನ್ನೇ ನೋಡಿಕೊಳ್ಳಬೇಕು. ಯಾವ ಕುಕೀಯೂ ಅದನ್ನು ಪೂರೈಸದು. ಅಂದಹಾಗೆ, ಜೇನುತುಪ್ಪ ವೀಗನ್ ಅಲ್ಲವೆಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಪ್ರಶ್ನೆ: ಮಗಳಿಗೆ ಕಡಲೆಕಾಯಿ, ಬಾದಾಮಿ ಎರಡೂ ಒಗ್ಗುವುದಿಲ್ಲವೆಂದು ಸೂರ್ಯಕಾಂತಿ ಬೀಜದ ಬೆಣ್ಣೆ, ಬೇಕಿಂಗ್ ಸೋಡಾ ಹಾಕಿ ಮಾಡಿದೆ. ಬೇಯಿಸಿದಾಗ ಚೆನ್ನಾಗಿಯೇ ಇತ್ತು. ಸಂಜೆ ಮುರಿದು ನೋಡಿದರೆ ಒಳಗೆಲ್ಲ ಹಸಿರು! ಬೂಷ್ಟು ಹಿಡಿದಿದೆಯೆಂದು ಎಲ್ಲವನ್ನೂ ಎಸೆದೆವು. ಬೀಜವೇ ಹಾಳಾಗಿತ್ತೇ?

ಉತ್ತರ: ಬೀಜ ಹಾಳಾಗಿರಲಿಲ್ಲ, ಅದು ಬೂಷ್ಟೂ ಅಲ್ಲ, ಎಸೆಯುವ ಅಗತ್ಯವಿರಲಿಲ್ಲ ಎಂದು ಹೇಳಲು ಬೇಸರವಾಗುತ್ತದೆ. ಸೂರ್ಯಕಾಂತಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಎಂಬ ಸಹಜ ಪದಾರ್ಥವಿದೆ. ಬೇಕಿಂಗ್ ಸೋಡಾದಿಂದ ಹಿಟ್ಟು ಕ್ಷಾರೀಯವಾದಾಗ ಅದು ಬೀಜದ ಪ್ರೋಟೀನಿನೊಂದಿಗೆ ಸೇರಿ ಹಸಿರು ಬಣ್ಣ ತಾಳುತ್ತದೆ. ಬಣ್ಣ ಮೂಡಲು ಸಮಯ ಬೇಕಾದ್ದರಿಂದಲೇ ಓವನ್ನಿನಿಂದ ತೆಗೆದಾಗ ಕಾಣದೆ, ಕೆಲವು ಗಂಟೆಗಳ ಬಳಿಕ, ಅದೂ ತೇವ ಹೆಚ್ಚಿರುವ ಒಳಭಾಗದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ತಿಂದರೆ ಯಾವ ಅಪಾಯವೂ ಇಲ್ಲ. ಬೂಷ್ಟಾದರೆ ಮೇಲ್ಮೈಯಲ್ಲಿ ಚುಕ್ಕೆ ಚುಕ್ಕೆಯಾಗಿ, ನವಿರಾದ ರೋಮದಂತೆ ಏಳುತ್ತದೆ, ಮುಗ್ಗಲು ವಾಸನೆಯೂ ಬರುತ್ತದೆ. ಈ ಹಸಿರು ಒಳಗೆಲ್ಲ ಸಮನಾಗಿ ಹರಡಿರುತ್ತದೆ, ವಾಸನೆಯಿರುವುದಿಲ್ಲ. ಮುಂದಿನ ಸಲ ಸೋಡಾದ ಬದಲು ಬೇಕಿಂಗ್ ಪೌಡರ್ ಹಾಕಿ, ಒಂದು ಚಿಕ್ಕ ಚಮಚ ನಿಂಬೆರಸವನ್ನೂ ಬೆರೆಸಿ. ಸೋಡಾ ಹೆಚ್ಚಾದರೆ ಸಾಬೂನಿನ ರುಚಿಯೂ ಬರುವುದರಿಂದ ಇದರಲ್ಲಿ ಎರಡು ಲಾಭವಿದೆ. ಬಾದಾಮಿ ಪುಡಿಯ ಬದಲಿಗೆ ಓಟ್ಸ್ ಹಿಟ್ಟನ್ನೇ 60 ಗ್ರಾಂ ಹೆಚ್ಚಿಸಬಹುದು. ಮಿಶ್ರಣ ಬಿಗಿಯಾದರೆ ಒಂದೆರಡು ಚಮಚ ನೀರು ಸಾಕು.

ಪ್ರಶ್ನೆ: ಮನೆಗೆ ಬರುವ ಅತಿಥಿಯೊಬ್ಬರಿಗೆ ಸೀಲಿಯಾಕ್ ಕಾಯಿಲೆಯಿದೆ, ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುತ್ತದಂತೆ. ಅವರಿಗೆ ಓಟ್ಸ್ ಕುಕೀ ಕೊಡಬಹುದೇ?

ಉತ್ತರ: ಮೊದಲು ಅವರನ್ನೇ ಕೇಳಿ. ಓಟ್ಸ್‌ನಲ್ಲಿ ಗೋಧಿಯ ಗ್ಲುಟೆನ್ ಇಲ್ಲ, ಆದರೆ ಹೊಲದಿಂದ ಗಿರಣಿಯವರೆಗೆ ಗೋಧಿ, ಬಾರ್ಲಿಯೊಂದಿಗೆ ಬೆರೆಯುವ ಸಂಭವ ಬಹಳ. ಹಾಗಾಗಿ ಪ್ರಮಾಣೀಕೃತ ಪೊಟ್ಟಣವೇ ಆಗಬೇಕು. ಅಂತರರಾಷ್ಟ್ರೀಯ ಕೋಡೆಕ್ಸ್ ಆಹಾರ ಮಾನದಂಡದಂತೆ ಗ್ಲುಟೆನ್‌ರಹಿತ ಎನಿಸಿಕೊಳ್ಳಲು ಗ್ಲುಟೆನ್ ಕಿಲೋಗ್ರಾಂಗೆ 20 ಮಿಲಿಗ್ರಾಂ ಮೀರಬಾರದು. ಸೀಲಿಯಾಕ್ ಇರುವವರಲ್ಲಿ ಕೆಲವರಿಗೆ ಓಟ್ಸ್‌ನದೇ ಆದ ಅವೆನಿನ್ ಎಂಬ ಪ್ರೋಟೀನು ಕೂಡ ಆಗುವುದಿಲ್ಲ. ಅಂಥವರಿಗೆ ಓಟ್ಸ್ ಬದಲು ಕಿನೊವಾ ಅವಲಕ್ಕಿಯನ್ನೋ ಬಕ್‌ವೀಟ್ (ಹೆಸರಿನಲ್ಲಿ ವೀಟ್ ಇದ್ದರೂ ಗೋಧಿಯಲ್ಲ) ಅವಲಕ್ಕಿಯನ್ನೋ ಬಳಸಿ. ಅವುಗಳಿಗೂ ಅದೇ ಪ್ರಮಾಣೀಕರಣ ನೋಡಿಕೊಳ್ಳಿ.

ಪದಾರ್ಥಗಳಿಗಿಂತ ಹೆಚ್ಚಾಗಿ ಅಡುಗೆಮನೆಯೇ ಕೈಕೊಡುವುದುಂಟು. ಮೈದಾ ಜರಡಿ ಹಿಡಿದ ಜರಡಿಯಲ್ಲಿ, ಅದರ ಕಣ್ಣುಗಳಲ್ಲಿ ಸಿಕ್ಕಿಕೊಂಡ ಹಿಟ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಮರದ ಸೌಟಿನ ಬಿರುಕುಗಳ ಕಥೆಯೂ ಅಷ್ಟೇ. ಇವೆರಡನ್ನು ಪ್ರತ್ಯೇಕವಾಗಿಡಿ, ಟ್ರೇಗೆ ಹೊಸ ಕಾಗದ ಹಾಸಿ, ಆ ದಿನ ಗೋಧಿ ಹಿಟ್ಟಿನ ಕೆಲಸವಿದ್ದರೆ ಕುಕೀಯನ್ನು ಅದಕ್ಕಿಂತ ಮೊದಲೇ ಮುಗಿಸಿ. ಬಾರ್ಲಿ ಮಾಲ್ಟ್ ಬೆರೆತ ಚಾಕೊಲೇಟ್ ಚೂರುಗಳು, ಗೋಧಿ ಪಿಷ್ಟ ಸೇರಿಸಿದ ಬೇಕಿಂಗ್ ಪೌಡರ್ ಇವುಗಳ ಮೇಲೂ ಕಣ್ಣಿಡಿ. ಕಪ್ಪು ಚಾಕೊಲೇಟಿನಲ್ಲಿ ಹಾಲಿನ ಅಂಶ ಇರಬಹುದಾದ್ದರಿಂದ ವೀಗನ್ನರೂ ಪೊಟ್ಟಣದ ಹಿಂಬದಿಯನ್ನು ಓದಬೇಕು.

ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ: ತಮಗೂ ಸೀಲಿಯಾಕ್ ಇರಬಹುದೆಂದು ಶಂಕಿಸಿ, ವೈದ್ಯರನ್ನು ಕಾಣುವ ಮೊದಲೇ ಗೋಧಿ ಬಿಟ್ಟಿರುವುದಾಗಿ ಇನ್ನೊಬ್ಬ ಓದುಗರು ಬರೆದಿದ್ದಾರೆ. ಗ್ಲುಟೆನ್ ಸೇವಿಸುತ್ತಿರುವಾಗಲೇ ರಕ್ತಪರೀಕ್ಷೆ ಮಾಡಿಸದಿದ್ದರೆ ಫಲಿತಾಂಶ ದಾರಿತಪ್ಪಿಸಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಪ್ರಶ್ನೆ: ಮೊಟ್ಟೆಯೇ ಇಲ್ಲವಲ್ಲ, ಮಕ್ಕಳು ಹಸಿ ಮಿಶ್ರಣವನ್ನು ತಿಂದರೆ ಪರವಾಗಿಲ್ಲವೇ?

ಉತ್ತರ: ಬೇಡ. ಹಸಿ ಹಿಟ್ಟು ನೋಡಲು ಒಣಗಿದ್ದರೂ ಸೋಂಕುರಹಿತವಲ್ಲ; 2016ರಲ್ಲಿ ಅಮೆರಿಕದಲ್ಲಿ ಹಲವರಿಗೆ ಇ. ಕೊಲಿ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿದ್ದು ಗೋಧಿ ಹಿಟ್ಟಿನಿಂದಲೇ. ಅದೇ ಅಪಾಯ ಬೇರೆ ಹಿಟ್ಟುಗಳಿಗೂ ಇದೆ. ರುಚಿ ನೋಡಲೇಬೇಕೆಂದರೆ ಒಂದು ಪುಟ್ಟ ಉಂಡೆಯನ್ನು ಮೊದಲು ಬೇಯಿಸಿ ನೋಡಿ, ಹದವೂ ಗೊತ್ತಾಗುತ್ತದೆ.

ಪ್ರಶ್ನೆ: ವಾರಕ್ಕೊಮ್ಮೆ ಮಾಡಿಟ್ಟುಕೊಂಡರೆ ಕೆಡುವುದಿಲ್ಲವೇ?

ಉತ್ತರ: ಬಾಳೆಹಣ್ಣಿನ ತೇವವಿರುವುದರಿಂದ ಹೊರಗೆ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ, ಫ್ರೀಜರಿನಲ್ಲಿ ಎರಡು ತಿಂಗಳು ಚೆನ್ನಾಗಿರುತ್ತವೆ. ಪೂರ್ತಿ ತಣಿಯುವ ಮುನ್ನ ಡಬ್ಬಿ ಮುಚ್ಚಿದರೆ ಒಳಗೆ ಹಬೆ ಹನಿಗಟ್ಟಿ ಕುಕೀ ಹಸಿಹಸಿಯಾಗುತ್ತದೆ. ಫ್ರೀಜರಿನಿಂದ ತೆಗೆದದ್ದನ್ನು 150 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಸಿ ಮಾಡಿದರೆ ಅಂಚು ಮತ್ತೆ ಗರಿಯಾಗುತ್ತದೆ. ಬೇಯಿಸಿಡುವುದಕ್ಕಿಂತ, ತಟ್ಟಿದ ಹಸಿ ಬಿಲ್ಲೆಗಳನ್ನು ಟ್ರೇ ಮೇಲೆ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿ ಆಮೇಲೆ ಡಬ್ಬಿಗೆ ತುಂಬಿಡುವುದು ನನಗೆ ಹೆಚ್ಚು ಇಷ್ಟ. ಬೆಳಿಗ್ಗೆ ಬೇಕಾದಷ್ಟನ್ನೇ ತೆಗೆದು, ಕರಗಿಸದೆ, ಮೂರು ನಾಲ್ಕು ನಿಮಿಷ ಹೆಚ್ಚಿಗೆ ಬೇಯಿಸಿದರಾಯಿತು.